ಹೊರುವವರು

ಬೆಳೆದವನಿಗೆ ಹೆಸರಿದೆ, ಉಂಡವನಿಗೆ ತೃಪ್ತಿಯಿದೆ. ನಡುವೆ ಹೊತ್ತವನಿಗೆ ಏನಿದೆ? ಸುಗ್ಗಿಯ ದಿನಗಳಲ್ಲಿ ನಮ್ಮ ಮುದ್ದೇಬಿಹಾಳದ ಪೇಟೆಯಲ್ಲಿ ತೊಗರಿ, ಜೋಳದ ಚೀಲಗಳನ್ನು ಬೆನ್ನಿಗೇರಿಸಿಕೊಂಡು ನಡೆಯುವ ಹಮಾಲರನ್ನು ಕಂಡಾಗಲೆಲ್ಲ ಈ ಪ್ರಶ್ನೆ ಏಳುತ್ತದೆ. ಹೊರುವುದು ಬುದ್ಧಿ ಬೇಡದ ಕೆಲಸವೆಂದು ನಾವು ಎಣಿಸಿದ್ದೇವೆ. ಓದದ ಮಗನಿಗೆ "ನಾಳೆ ಹಮಾಲಿ ಮಾಡಾಕ ಹೋಗ್ತಿ ನೋಡು" ಎಂದು ಹೆದರಿಸುವ ತಾಯಂದಿರು ಮನೆಮನೆಗೂ ಇದ್ದಾರೆ.

ಹಾಗೆ ಹೆದರಿಸುವ ತಾಯಿಯ ಮೈಯೊಳಗೇ ಲೆಕ್ಕವಿಲ್ಲದಷ್ಟು ಹಮಾಲರು ಹಗಲಿರುಳು ದುಡಿಯುತ್ತಿದ್ದಾರೆ. ಜೀವಕೋಶದೊಳಗೆ ಸೂಕ್ಷ್ಮ ನಳಿಕೆಗಳ ದಾರಿಗಳಿವೆ. ಅವುಗಳ ಮೇಲೆ ಕೈನೆಸಿನ್ ಎಂಬ ಪ್ರೋಟೀನು ಎರಡು ಕಾಲುಗಳಂಥ ಭಾಗಗಳಿಂದ, ಹೆಗಲ ಮೇಲೆ ಸರಕಿನ ಪೊಟ್ಟಣ ಹೊತ್ತು, ನಿಜವಾಗಿಯೂ ನಡೆಯುತ್ತದೆ. ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ನರತಂತುವನ್ನು ಪರೀಕ್ಷಿಸುತ್ತಿದ್ದ ಅಮೆರಿಕದ ವಿಜ್ಞಾನಿಗಳು 1985ರಲ್ಲಿ ಇದನ್ನು ಗುರುತಿಸಿದರು. ಇದರ ಒಂದು ಹೆಜ್ಜೆ 8 ನ್ಯಾನೋಮೀಟರ್. ಮಿಲಿಮೀಟರಿನ ಹತ್ತು ಲಕ್ಷ ಪಾಲಿನಲ್ಲಿ ಎಂಟು ಪಾಲು. ಹೆಜ್ಜೆಗೊಂದು ಎಟಿಪಿ ಅಣು ಕೂಲಿ. ಸುಮಾರು ನೂರು ಹೆಜ್ಜೆ ನಡೆದು ಒಂದು ದಾರಿ ಬಿಟ್ಟರೆ ಇನ್ನೊಂದು ಹಿಡಿಯುತ್ತದೆ. ಹಿಂದಕ್ಕೆ ತರುವ ಹಮಾಲನೇ ಬೇರೆ. ಅದರ ಹೆಸರು ಡೈನೀನ್. ಒಂಟಿಯಾಗಿ ಅದು ದುರ್ಬಲ. ಆದರೆ ಭಾರ ಹೆಚ್ಚಾದಾಗ ಮುಂದಿನವು ಹೆಜ್ಜೆ ಚಿಕ್ಕದು ಮಾಡುತ್ತವೆ, ಹಿಂದಿನವು ಬಂದು ಕೂಡಿಕೊಳ್ಳುತ್ತವೆ, ಎಲ್ಲವೂ ಸೇರಿ ಹೊರೆ ಹಂಚಿಕೊಳ್ಳುತ್ತವೆ ಎಂದು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ರೂಪ್ ಮಲ್ಲಿಕ್ ಮತ್ತು ಸಂಗಡಿಗರು 2013ರಲ್ಲಿ ತೋರಿಸಿದರು. ನಮ್ಮ ಪೇಟೆಯ ಹಮಾಲರಿಗೆ ಹೇಳಿದರೆ "ಇದರಾಗ ಹೊಸಾದೇನೈತ್ರಿ ಬಾಯಾರ?" ಎಂದು ಕೇಳಿಯಾರು.

ಟೊಂಕದ ಮಟ್ಟದಿಂದ ಪಾದಕ್ಕೆ ಇಳಿಯುವ ಒಂದು ನರತಂತು ಹೆಚ್ಚುಕಡಿಮೆ ಒಂದು ಮೀಟರ್ ಉದ್ದ. ತುದಿಗೆ ಬೇಕಾದ ಬಹುಪಾಲು ಸರಕು ತಯಾರಾಗುವುದು ಮೇಲೆ, ಕೋಶದ ಒಡಲಿನಲ್ಲಿ. ಸೆಕೆಂಡಿಗೆ ಒಂದು ಮೈಕ್ರಾನಿನ ನಡಿಗೆಯಲ್ಲಿ ಅಷ್ಟು ದೂರ ಮುಟ್ಟಲು ಹನ್ನೊಂದು-ಹನ್ನೆರಡು ದಿನ ಬೇಕು. ಒಂದು ಬಗೆಯ ಕೈನೆಸಿನ್ ಹುಟ್ಟಿನಿಂದಲೇ ದೋಷದ್ದಾದರೆ ಕಾಲುಗಳು ಬಿಗಿಯುತ್ತ ನಡಿಗೆ ಕೆಡುವ ಕಾಯಿಲೆ ಬರುತ್ತದೆ. ಅತಿ ಉದ್ದದ ತಂತುಗಳೇ ಮೊದಲು ಸೊರಗುತ್ತವೆ. ಕಣಜ ತುಂಬಿದ್ದರೂ ತುದಿ ಉಪವಾಸ ಬೀಳುತ್ತದೆ. ರಾಜಧಾನಿಯಿಂದ ದೂರದ ನಮ್ಮ ತಾಲ್ಲೂಕಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಪಾಠ ಹೇಳುವಾಗ ಒಬ್ಬ ಹುಡುಗಿ ಎದ್ದು ನಿಂತು, "ಟೀಚರ್, ಅದಕ್ಕ ತಾ ಏನ್ ಹೊತ್ತೀನಿ ಅಂತ ಗೊತ್ತಿರ್ತದೇನ್ರಿ?" ಎಂದು ಕೇಳಿದಳು. ಗೊತ್ತಿರುವುದಿಲ್ಲ. ಹುಚ್ಚುನಾಯಿ ಕಾಲಿಗೆ ಕಚ್ಚಿದಾಗ ಒಳಹೊಕ್ಕ ರೇಬೀಸ್ ವೈರಸ್ಸು ಏರುವುದು ಇದೇ ಡೈನೀನಿನ ಹೆಗಲನ್ನು. ಜೀವ ಉಳಿಸುವ ಸರಕನ್ನು ತರುವ ನಿಷ್ಠೆಯಿಂದಲೇ ಅದು ಸಾವನ್ನೂ ಮಿದುಳಿನ ಕಡೆಗೆ ತಂದು ಮುಟ್ಟಿಸುತ್ತದೆ. ಇಲ್ಲಿ ಅದರ ತಪ್ಪೇನೂ ಇಲ್ಲ. ತಪ್ಪು ಎನ್ನಬೇಕಾದರೆ ಕೇಳುವ ಶಕ್ತಿ ಇರಬೇಕು.

ಆ ಶಕ್ತಿ ಇರುವುದು ಮನುಷ್ಯನಿಗೆ. ಹಾಗಾದರೆ ನಿಷ್ಠೆಯಿಂದ ಹೊತ್ತರಷ್ಟೇ ಅದು ಕಾಯಕವಾಗುತ್ತದೆಯೇ? ಬಸವಣ್ಣನವರ ಬಾಗೇವಾಡಿ ನಮಗೆ ನೆರೆಯ ಊರು. ಕಾಯಕ ಎಂಬ ಮಾತನ್ನು ನಾವು ದಿನಕ್ಕೆ ನೂರು ಸಲ ಆಡುತ್ತೇವೆ. ಕೃಷ್ಣೆಯ ಆಚೆ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಮಾರಯ್ಯನ ಕಾಯಕವೂ ಹೊರುವುದೇ ಆಗಿತ್ತು: ಚೆಲ್ಲಿದ ಅಕ್ಕಿಯನ್ನು ಆಯ್ದು ಮನೆಗೆ ತರುವುದು. ಒಂದು ದಿನ ಗಂಟು ಎಂದಿಗಿಂತ ದೊಡ್ಡದಾಗಿತ್ತು. ಹೆಂಡತಿ ಲಕ್ಕಮ್ಮ ಗಂಟನ್ನು ನೋಡಿದಳು, ಇಷ್ಟೇಕೆ ಎಂದು ಕೇಳಿದಳು, ಹೆಚ್ಚಿನದನ್ನು ಅಲ್ಲೇ ಸುರಿದು ಬರಲು ಕಳಿಸಿದಳು. ಗಂಡ ತಂದದ್ದನ್ನು ಬೇಯಿಸಿಹಾಕುವುದಷ್ಟೇ ತನ್ನ ಕೆಲಸವೆಂದು ಆಕೆ ತಿಳಿಯಲಿಲ್ಲ. ಹೊರೆಯನ್ನು ಬಿಚ್ಚಿ ನೋಡಿದ ಆ ಗಳಿಗೆಯಲ್ಲೇ ದುಡಿಮೆ ಕಾಯಕವಾಯಿತು ಎಂದು ನನಗೆ ತೋರುತ್ತದೆ.

ಎಲ್ಲರೂ ನಿಂತು ಕೇಳತೊಡಗಿದರೆ ಲೋಕದ ಕೆಲಸ ಸಾಗೀತೇ ಎನ್ನಬಹುದು. ಮಾತು ಸುಳ್ಳಲ್ಲ, ಪ್ರತಿ ಹೆಜ್ಜೆಗೂ ವಿಚಾರ ಮಾಡುವ ಕೈನೆಸಿನ್ ಇದ್ದರೆ ನಾವು ಬದುಕುತ್ತಿರಲಿಲ್ಲ. ಆದರೆ ಈ ಮಾತನ್ನು ಹೆಚ್ಚಾಗಿ ಆಡುವವರು ಹೊರಿಸುವವರೇ ಹೊರತು ಹೊರುವವರಲ್ಲ. ಚೀಲದಲ್ಲಿರುವುದು ಗೊಬ್ಬರವೋ ಕ್ರಿಮಿನಾಶಕದ ಪುಡಿಯೋ ಎಂದು ಹಮಾಲನೊಬ್ಬ ಕೇಳಿದರೆ "ನಿನಗ್ಯಾಕ ಬೇಕು, ಹೊರು" ಎಂಬ ಉತ್ತರ ಸಿದ್ಧವಾಗಿರುತ್ತದೆ. ಮನುಷ್ಯನನ್ನು ಅಣುವಿನ ಮಟ್ಟಕ್ಕೆ ಇಳಿಸುವುದು ಅವನ ಬೆನ್ನ ಮೇಲಿನ ಚೀಲವಲ್ಲ, ಈ ಉತ್ತರ.

ಮಾಸ್ತರಿಕೆಯೂ ಹೊರುವ ಕೆಲಸವೇ. ಬೇರೆ ಯಾರೋ ಬರೆದು ಕಟ್ಟಿದ ಪಠ್ಯದ ಗಂಟನ್ನು ಮಕ್ಕಳವರೆಗೆ ಮುಟ್ಟಿಸುವವರು ನಾವು. ಮುಟ್ಟಿಸದಿದ್ದರೆ ತುದಿಯ ಮಗು ಉಪವಾಸ ಬೀಳುತ್ತದೆ. ಬಿಚ್ಚಿ ನೋಡದೆ ಮುಟ್ಟಿಸಿದರೆ ಅದರೊಳಗೆ ಏನು ಹೋಯಿತೋ ಬಲ್ಲವರಾರು? ಎರಡೂ ಹೊಣೆ ಒಟ್ಟಿಗೇ ಬರುತ್ತವೆ. ಲಕ್ಕಮ್ಮ ಕೇಳಿದ್ದರಿಂದ ಮಾರಯ್ಯನ ಕಾಯಕವೇನೂ ನಿಲ್ಲಲಿಲ್ಲ; ಹಿಂದಕ್ಕೆ ಹೋದದ್ದು ಹೆಚ್ಚಾದ ಅಕ್ಕಿ ಮಾತ್ರ.