ಬಿಂಬದ ಒಡೆತನ

ಕಾಯಕವು ಉದರಪೋಷಣೆಯ ಉಪಾಯವಾಗಿರುವಂತೆಯೇ ಮಾಡುವವನ ಅಂತಃಕರಣವನ್ನು ತೊಳೆಯುವ ಸಾಧನವೂ ಆಗಿದೆಯೆಂಬುದನ್ನು ಶರಣರು ಮಾತಿಗಿಂತ ಹೆಚ್ಚಾಗಿ ಬಾಳಿನಿಂದ ತೋರಿಸಿದರು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಟ್ಟೆ ಒಗೆಯುವವರು, ದೋಣಿ ನಡೆಸುವವರು, ಹಗ್ಗ ಹೊಸೆಯುವವರು, ಕಟ್ಟಿಗೆ ಮಾರುವವರು ಒಂದೇ ಪಂಕ್ತಿಯಲ್ಲಿ ಕುಳಿತರು. ಉದ್ಯೋಗದ ಹೆಸರಿನಿಂದ ಮೇಲುಕೀಳುಗಳು ನಿಶ್ಚಯವಾಗಲಾರವು; ಅದು ಸತ್ಯವಾಗಿ, ಶುದ್ಧವಾಗಿ ನಡೆಯಿತೇ ಎಂಬುದೊಂದೇ ಅವರು ಬಿಟ್ಟುಹೋದ ಒರೆಗಲ್ಲು. ಆ ಕಾಲದಲ್ಲಿ ಇಲ್ಲದಿದ್ದ ಉದ್ಯೋಗಗಳಿಗೂ ಈ ಒರೆಗಲ್ಲು ಸಲ್ಲುತ್ತದೆ. ಮದುವೆಯ ಛಾಯಾಚಿತ್ರಕಾರನ ಉದ್ಯೋಗವು ಅಂಥವುಗಳಲ್ಲೊಂದು.

ಈ ಉದ್ಯೋಗಸ್ಥನ ಬಾಳಿನಲ್ಲಿ ಒಂದು ವಿಚಿತ್ರವಾದ ದ್ವಂದ್ವವು ಕಂಡುಬರುತ್ತದೆ. ಹಗಲೆಲ್ಲ ಅವನು ಪರರ ಮನೆಯ ಮಂಗಳಕಾರ್ಯವನ್ನು ಚಿತ್ರಿಸುತ್ತಾನೆ. ಸಂಜೆ ಮನೆಗೆ ಬಂದ ಮೇಲೆ ಅದೇ ಕ್ಯಾಮೆರಾ, ಇಲ್ಲವೇ ಜೇಬಿನಲ್ಲಿಯ ಮೊಬೈಲ್ ಫೋನು, ಅವನ ಸ್ವಂತ ಸಂಸಾರದ ಕಡೆಗೆ ತಿರುಗುತ್ತದೆ. ತಾಯಿ ರೊಟ್ಟಿ ಬಡಿಯುವುದು, ಮಗು ತುತ್ತನ್ನು ಉಗುಳುವುದು, ಮಗಳು ಪಾಠ ಒಪ್ಪಿಸಲಾರದೆ ಅಳುವುದು, ಇವೆಲ್ಲ ಚಿತ್ರಗಳಾಗಿ ಕೆಲವೇ ನಿಮಿಷಗಳಲ್ಲಿ ಸಾಮಾಜಿಕ ಜಾಲತಾಣವನ್ನು ಸೇರುತ್ತವೆ. ವಧುವಿನ ಚಿತ್ರವನ್ನು ತನ್ನ ಉದ್ಯೋಗದ ಪ್ರಚಾರಕ್ಕೆ ಬಳಸುವ ಮುನ್ನ ಸಜ್ಜನನಾದ ಛಾಯಾಚಿತ್ರಕಾರನು ಅವಳ ಅನುಮತಿಯನ್ನು ಬೇಡುತ್ತಾನೆ. ತನ್ನ ಮಗಳ ಚಿತ್ರಕ್ಕೆ ಯಾರನ್ನೂ ಕೇಳುವುದಿಲ್ಲ. ಕಾರಣವೇನೆಂದರೆ, ಅವಳು ಪರರ ಮಗಳು, ಇವಳು ತನ್ನವಳು. ಈ ಕಾರಣವು ನ್ಯಾಯವಾದುದೇ ಎಂಬುದೇ ಇಲ್ಲಿ ವಿಚಾರಣೀಯ. ಇಂದು ಪ್ರತಿಯೊಬ್ಬ ಗೃಹಸ್ಥನ ಕೈಯಲ್ಲಿಯೂ ಕ್ಯಾಮೆರಾ ಇರುವುದರಿಂದ ಈ ಪ್ರಶ್ನೆಯು ಒಬ್ಬ ಉದ್ಯೋಗಸ್ಥನದಾಗಿ ಉಳಿದಿಲ್ಲ.

ಛಾಯಾಚಿತ್ರಕಲೆಯು ಲೋಕಕ್ಕೆ ಪ್ರಕಟವಾದುದು 1839ರಲ್ಲಿ, ಪ್ಯಾರಿಸ್ ನಗರದಲ್ಲಿ. ಮೊದಮೊದಲು ಅದು ಕೆಲವೇ ಜನ ಕುಶಲರ ಸ್ವತ್ತಾಗಿತ್ತು. 1888ರಲ್ಲಿ ನೂರು ಚಿತ್ರಗಳಿಗಾಗುವ ಸುರುಳಿಯೊಡನೆ ಕೊಡಾಕ್ ಕ್ಯಾಮೆರಾವೂ, 1900ರಲ್ಲಿ ಒಂದೇ ಡಾಲರಿನ ಬೆಲೆಯ ಬ್ರೌನಿ ಕ್ಯಾಮೆರಾವೂ ಅಮೇರಿಕದಲ್ಲಿ ಮಾರಾಟಕ್ಕೆ ಬಂದ ಮೇಲೆ ಅದು ಸಾಮಾನ್ಯರ ಮನೆಯನ್ನು ಹೊಕ್ಕಿತು. ಇವೆರಡರ ನಡುವೆ, 1890ರಲ್ಲಿ, ವಾರೆನ್ ಮತ್ತು ಬ್ರಾಂಡೈಸ್ ಎಂಬ ಇಬ್ಬರು ನ್ಯಾಯವಾದಿಗಳು ಹಾರ್ವರ್ಡ್ ವಿಶ್ವವಿದ್ಯಾಲಯದ ಕಾನೂನು ಪತ್ರಿಕೆಯಲ್ಲಿ ಖಾಸಗಿತನದ ಹಕ್ಕನ್ನು ಕುರಿತು ಪ್ರಸಿದ್ಧವಾದ ಲೇಖನವೊಂದನ್ನು ಬರೆದರು. ಕ್ಷಣಮಾತ್ರದಲ್ಲಿ ಚಿತ್ರ ತೆಗೆಯುವ ಯಂತ್ರವು ಗೃಹಜೀವನದ ಮರೆಯೊಳಕ್ಕೆ ನುಗ್ಗುತ್ತಿದೆಯೆಂಬ ಆತಂಕವು ಅದರಲ್ಲಿ ವ್ಯಕ್ತವಾಗಿದೆ. ಅಂದರೆ ಈ ಕಲೆಯು ಸುಲಭವಾದ ದಿನದಿಂದಲೇ ಈ ಪ್ರಶ್ನೆಯೂ ಅದರ ಬೆನ್ನು ಹತ್ತಿದೆ.

ಆದರೂ ಬಹುಕಾಲದ ವರೆಗೆ ಖರ್ಚೇ ಒಂದು ಕಟ್ಟಳೆಯಾಗಿತ್ತು. ಮದುವೆಗಳಲ್ಲಿ ಬಳಸುತ್ತಿದ್ದ ದೊಡ್ಡ ಸುರುಳಿಯಲ್ಲಿ ಚೌಕ ಚಿತ್ರಗಳು ಹನ್ನೆರಡೇ. ಚಿಕ್ಕ ಸುರುಳಿಯಲ್ಲಿ ಮೂವತ್ತಾರು. ಒಂದೊಂದು ಚಿತ್ರಕ್ಕೂ ಹಣ ತೆರಬೇಕಾದುದರಿಂದ ಛಾಯಾಚಿತ್ರಕಾರನು ಕಾಯುತ್ತಿದ್ದನು, ಆಯುತ್ತಿದ್ದನು. ಸುರುಳಿಯು ಹೋಗಿ ಅಂಕೀಯ ಕ್ಯಾಮೆರಾ ಬಂದ ಮೇಲೆ ಒಂದೇ ಮದುವೆಯಲ್ಲಿ ಸಾವಿರಾರು ಚಿತ್ರಗಳನ್ನು ತೆಗೆಯುವುದು ಸಾಮಾನ್ಯವಾಯಿತು. ಹೊರಗಿನ ಕಟ್ಟಳೆಯು ಸಡಿಲಿದಾಗ ಒಳಗಿನ ಕಟ್ಟಳೆಯು ಬಿಗಿಯಬೇಕಾಗಿತ್ತು. ಹಾಗಾಗಿದೆಯೇ ಎಂಬುದನ್ನು ಯಾವುದೇ ಕಲ್ಯಾಣಮಂಟಪದಲ್ಲಿ ಕುಳಿತು ನೋಡಬಹುದು.

ಮಾಂಗಲ್ಯಧಾರಣೆಯ ಮುಹೂರ್ತ ಬಂದಿತೆಂದರೆ ವೇದಿಕೆಯ ಸುತ್ತ ಕ್ಯಾಮೆರಾದವರ ಗೋಡೆಯೊಂದು ಏಳುತ್ತದೆ. ದೂರದ ಊರುಗಳಿಂದ ಬಂದ ಹಿರಿಯರಿಗೆ ವಧೂವರರು ಕಾಣುವುದಿಲ್ಲ. ಅವರು ಎಸೆದ ಅಕ್ಷತೆಯು ಛಾಯಾಚಿತ್ರಕಾರರ ಬೆನ್ನಿನ ಮೇಲೆ ಬೀಳುತ್ತದೆ. ಬೆಳಕು ಸಾಲದಿದ್ದರೆ ತಾಳಿಯನ್ನು ಮತ್ತೊಮ್ಮೆ ಎತ್ತಿ ಹಿಡಿಯುವಂತೆ ವರನಿಗೆ ಆಜ್ಞೆಯಾಗುತ್ತದೆ. ಹೆಣ್ಣು ಒಪ್ಪಿಸುವ ಹೊತ್ತಿನಲ್ಲಿ ತಾಯಿಯ ಕಣ್ಣು ತುಂಬಿತೆಂದರೆ ಆ ಕಣ್ಣೀರಿನ ಮುಂದೆ ಗಾಜಿನ ಕಣ್ಣೊಂದು ಬಂದು ನಿಲ್ಲುತ್ತದೆ. ಇಲ್ಲಿ ಸಾಕ್ಷಿಯಾಗಬೇಕಾದವನು ಸೂತ್ರಧಾರನಾಗಿದ್ದಾನೆ. ಭಾರತದ ಮೊದಲ ಮಹಿಳಾ ಪತ್ರಿಕಾ ಛಾಯಾಚಿತ್ರಕಾರ್ತಿಯೆಂದು ಖ್ಯಾತರಾದ ಹೋಮಾಯಿ ವ್ಯಾರಾವಾಲಾ (1913–2012) ಅವರು ಸ್ವಾತಂತ್ರ್ಯದ ಕಾಲದ ಮಹಾಘಟನೆಗಳನ್ನು ಸಮೀಪದಿಂದ ಚಿತ್ರಿಸಿದವರು. ಹೊಸ ಪೀಳಿಗೆಯ ಛಾಯಾಚಿತ್ರಕಾರರ ಶಿಸ್ತಿಲ್ಲದ ವರ್ತನೆಗೆ ಬೇಸತ್ತು 1970ರಲ್ಲಿ ಅವರು ತಮ್ಮ ವೃತ್ತಿಯನ್ನೇ ಬಿಟ್ಟರು. ಕೌಶಲವಿದ್ದೂ ಮರ್ಯಾದೆ ತಪ್ಪಿದರೆ ಕಾಯಕವು ಕೆಡುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಾಗಿಲ್ಲ.

ಈ ಸಂದರ್ಭದಲ್ಲಿ ಆಯ್ದಕ್ಕಿ ಲಕ್ಕಮ್ಮನ ಕಥೆಯು ನೆನಪಿಗೆ ಬರತಕ್ಕದ್ದು. ಪತಿಯಾದ ಮಾರಯ್ಯನು ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಅವಳು ಹೇಳಿದಳು. ಆ ಅಕ್ಕಿಯು ಕದ್ದುದಲ್ಲ, ದಾರಿಯಲ್ಲಿ ಬಿದ್ದಿದ್ದುದು. ಆಯ್ದುಕೊಂಡರೆ ತಡೆಯುವವರೂ ಇರಲಿಲ್ಲ. ಆದರೂ ಅಗತ್ಯವನ್ನು ಮೀರಿದುದು ಕಾಯಕದ ಫಲವಾಗದೆ ಆಸೆಯ ಫಲವಾಗುತ್ತದೆಂಬುದು ಲಕ್ಕಮ್ಮನ ನಿರ್ಣಯ. ಮಂಟಪದಲ್ಲಿ ಛಾಯಾಚಿತ್ರಕಾರನ ಮುಂದೆಯೂ ನೋಟಗಳು ಅಕ್ಕಿಯಂತೆ ಚೆಲ್ಲಿರುತ್ತವೆ. ಸೀರೆ ಬದಲಿಸುವ ಕೋಣೆಯ ಅರೆತೆರೆದ ಬಾಗಿಲು, ಬೀಗರ ನಡುವಿನ ಮುನಿಸು, ಊಟದ ಪಂಕ್ತಿಯಲ್ಲಿ ಬಾಯ್ತೆರೆದ ಮುದುಕ, ಇವೆಲ್ಲ ಅವನ ಕೈಗೆಟುಕುತ್ತವೆ. ಎಟುಕಿದ್ದೆಲ್ಲವನ್ನೂ ತೆಗೆದುಕೊಳ್ಳದಿರುವುದೇ ಅವನ ವ್ರತ.

ಇನ್ನೊಂದು ನಿದರ್ಶನ ಮಡಿವಾಳ ಮಾಚಯ್ಯನದು. ಅವನು ಶರಣರ ಬಟ್ಟೆಗಳನ್ನು ಒಗೆದು ಮಡಿಮಾಡುತ್ತಿದ್ದನು. ಆ ಮಡಿಯ ಗಂಟನ್ನು ಅನ್ಯರು ಮುಟ್ಟದಂತೆ ಕಾಯುತ್ತಿದ್ದನೆಂದು ಕಥೆಗಳು ಹೇಳುತ್ತವೆ. ಒಗೆಯುವವನು ಮನೆಮನೆಯ ಕಲೆಗಳನ್ನು ಬಲ್ಲನು. ಆ ಅರಿವು ಅವನ ಕಾಯಕದಿಂದಲೇ ಬಂದುದು; ಆದರೆ ಅದನ್ನು ಬೀದಿಯಲ್ಲಿ ಹರವುವ ಅಧಿಕಾರವು ಕಾಯಕದಿಂದ ಬಂದುದಲ್ಲ. ಬಟ್ಟೆಯು ಅವನ ಕೈಯಲ್ಲಿದ್ದಷ್ಟು ಹೊತ್ತೂ ಒಡೆಯನದೇ. ಛಾಯಾಚಿತ್ರಕಾರನ ಕೈಯಲ್ಲಿರುವ ಮುಖಗಳೂ ಹಾಗೆಯೇ ನ್ಯಾಸವಾಗಿ, ನಂಬಿ ಒಪ್ಪಿಸಿದ ಒಡವೆಯಾಗಿ ಇರುತ್ತವೆ.

ಲೌಕಿಕ ಕಾಯಿದೆಯೂ ಒಂದು ಮಟ್ಟಿಗೆ ಈ ಮಾತನ್ನು ಒಪ್ಪುತ್ತದೆ. ಭಾರತದ 1957ರ ಕೃತಿಸ್ವಾಮ್ಯ ಅಧಿನಿಯಮದ 17ನೆಯ ಪ್ರಕರಣದ ಮೇರೆಗೆ, ಪ್ರತಿಫಲ ಕೊಟ್ಟು ಒಬ್ಬರು ತೆಗೆಯಿಸಿದ ಛಾಯಾಚಿತ್ರದ ಮೊದಲ ಸ್ವಾಮ್ಯವು, ಬೇರೆ ಕರಾರು ಇಲ್ಲದಿದ್ದಲ್ಲಿ, ತೆಗೆಯಿಸಿದವರಿಗೇ ಸೇರುತ್ತದೆ. ಹಾಗಾದರೆ ಹಣ ಕೊಟ್ಟ ವಧುವಿನ ತಂದೆಯು ಆ ಚಿತ್ರಗಳಿಗೆ ಒಡೆಯನಾದನು. ಆದರೆ ಚಿತ್ರದಲ್ಲಿರುವ ಮುಖವು ಅವನದೇ? ಮೂಲೆಯಲ್ಲಿ ನಿಂತು ಕಣ್ಣೊರೆಸಿಕೊಂಡ ವಿಧವೆ ಸೋದರತ್ತೆಯ ಮುಖಕ್ಕೆ ಒಡೆಯರಾರು? ಕಾಯಿದೆಯು ಕಾಗದದ ಒಡೆತನವನ್ನು ನಿರ್ಣಯಿಸಿತು; ಬಿಂಬದ ಒಡೆತನವು ಉಳಿದೇ ಉಳಿಯಿತು.

ಇಷ್ಟರಿಂದ ಮನೆಯವರ ಚಿತ್ರವನ್ನು ತೆಗೆಯುವುದೇ ದೋಷವೆಂದು ತಿಳಿಯಲಾಗದು. ನಿತ್ಯಜೀವನದ ಚಿತ್ರಕ್ಕೆ ಇರುವ ಬೆಲೆಯು ಮದುವೆಯ ಚಿತ್ರಕ್ಕೂ ಇಲ್ಲ. ಹಳೆಯ ಕಾಲದ ಅನೇಕ ಮನೆಗಳಲ್ಲಿ ಗೋಡೆಯ ಮೇಲೆ ಹೂಮಾಲೆ ಹೊತ್ತ ಅಜ್ಜಿಯ ಭಾವಚಿತ್ರವು ಯಾರದೋ ಮದುವೆಯ ಗುಂಪುಚಿತ್ರದಿಂದ ಕತ್ತರಿಸಿ ಹಿಗ್ಗಿಸಿದುದಾಗಿರುತ್ತದೆ. ಬಾಳಿನಲ್ಲಿ ನಾಲ್ಕಾರು ಸಲ ಉಟ್ಟ ರೇಷ್ಮೆಯ ಸೀರೆಯಲ್ಲಿ, ಪರಿಚಯವಿಲ್ಲದ ಬಿಗುವಿನಲ್ಲಿ ಅವಳು ಕುಳಿತಿರುತ್ತಾಳೆ. ಬೀಸುವ ಕಲ್ಲಿನ ಮುಂದೆ ಹಾಡಿಕೊಳ್ಳುತ್ತಿದ್ದ ಅಜ್ಜಿಯನ್ನು, ಮಜ್ಜಿಗೆ ಕಡೆಯುತ್ತ ಮೊಮ್ಮಗನಿಗೆ ಬೆಣ್ಣೆ ನೀಡುತ್ತಿದ್ದ ಅಜ್ಜಿಯನ್ನು ಯಾರೂ ಚಿತ್ರಿಸಲಿಲ್ಲ. ಅವಳನ್ನು ಕಂಡವರು ತೀರಿಹೋದ ಮೇಲೆ ಆ ನಿಜವಾದ ಅಜ್ಜಿಯೂ ಲೋಕದಿಂದ ಎರಡನೆಯ ಸಲ ಹೋಗುತ್ತಾಳೆ. ಆದುದರಿಂದ ತಾಯಿ ರೊಟ್ಟಿ ಬಡಿಯುವುದನ್ನು ಚಿತ್ರಿಸುವ ಮಗನು ಸಣ್ಣ ಕೆಲಸವನ್ನು ಮಾಡುತ್ತಿಲ್ಲ. ಆ ಚಿತ್ರವನ್ನು ಹೊರನಾಡಿನಲ್ಲಿರುವ ತಂಗಿಗೆ ಕಳುಹಿಸಿದರೆ ಅವಳಿಗೆ ತವರು ಕಂಡಂತಾಗುತ್ತದೆ. ಹಂಚಿಕೆಯಿಂದ ಸಂಬಂಧಗಳು ಬೆಳೆಯುತ್ತವೆ.

ದೋಷವು ತೆಗೆಯುವುದರಲ್ಲಿಲ್ಲ, ಹಂಚಿಕೆಯು ಯಾವಾಗ ಹಂಚಿಕೆಯಾಗಿ ಉಳಿಯುತ್ತದೆ, ಯಾವಾಗ ಪ್ರದರ್ಶನವಾಗುತ್ತದೆ ಎಂಬುದರಲ್ಲಿದೆ. ದಾಸೋಹವೆಂದರೆ ಕೊಡುವುದು, ಆದರೆ ತನ್ನ ದುಡಿಮೆಯಿಂದ ಬಂದುದನ್ನು ಮಾತ್ರ ಕೊಡಬೇಕೆಂಬುದು ಅದರ ಮೊದಲ ನಿಯಮ. ಪರರ ಕಣಜದಿಂದ ತೆಗೆದು ಉಣಬಡಿಸಿದರೆ ಉಂಡವನ ಹೊಟ್ಟೆ ತುಂಬಬಹುದು, ದಾಸೋಹವಾಗದು. ಎರಡನೆಯ ನಿಯಮವೆಂದರೆ ಕೊಡುವವನಲ್ಲಿ ಕೊಟ್ಟೆನೆಂಬ ಅಹಂಭಾವ ಇರಬಾರದು. ಮಗಳು ಅಳುವ ಚಿತ್ರವನ್ನು ಸಾವಿರ ಜನರ ಮುಂದೆ ಇಟ್ಟು, ಎಷ್ಟು ಜನ ಮೆಚ್ಚಿದರೆಂದು ಗಳಿಗೆಗೊಮ್ಮೆ ಎಣಿಸುವ ತಂದೆಯು ಈ ಎರಡೂ ನಿಯಮಗಳನ್ನು ಮೀರಿದಂತಾಯಿತು. ಅಳು ಅವಳದು, ಮೆಚ್ಚುಗೆ ಅವನದು. ಕೊಟ್ಟವನೆಂಬ ಹೆಸರು ಹೊತ್ತು ಅವನು ಪಡೆಯುವವನಾಗಿದ್ದಾನೆ.

ಇಲ್ಲೊಂದು ಆಕ್ಷೇಪಣೆ ಬರಬಹುದು. ಮಗುವಿಗೆ ಹೆಸರಿಡುವವರು, ಲಸಿಕೆ ಹಾಕಿಸುವವರು, ಶಾಲೆಗೆ ಸೇರಿಸುವವರು ತಂದೆತಾಯಿಗಳು. ಅವಾವುದಕ್ಕೂ ಮಗುವಿನ ಒಪ್ಪಿಗೆ ಕೇಳುವುದಿಲ್ಲ. ಚಿತ್ರಕ್ಕೆ ಮಾತ್ರ ಏಕೆ? ಈ ಆಕ್ಷೇಪಣೆಯಲ್ಲಿ ಬಲವಿದೆ. ಆದರೆ ಆ ಎಲ್ಲ ನಿರ್ಣಯಗಳೂ ಮಗುವಿನ ಹಿತಕ್ಕಾಗಿ ನಡೆಯುತ್ತವೆ. ತಂದೆತಾಯಿಗಳ ಅಧಿಕಾರವು ಕಾಪಾಡುವವರ ಅಧಿಕಾರವಲ್ಲದೆ ಒಡೆಯರ ಅಧಿಕಾರವಲ್ಲ. ಸ್ನಾನದ ಮನೆಯ ಚಿತ್ರ, ಪೆಟ್ಟು ತಿಂದು ಮುಖ ಮುಚ್ಚಿಕೊಂಡ ಚಿತ್ರ, ಶಾಲೆಯ ಸಮವಸ್ತ್ರದೊಡನೆ ಮನೆಯ ಬಾಗಿಲೂ ಕಾಣುವ ಚಿತ್ರ, ಇವುಗಳ ಪ್ರಕಟನೆಯಿಂದ ಮಗುವಿಗಾಗುವ ಹಿತವೇನು? ಒಮ್ಮೆ ಜಾಲತಾಣಕ್ಕೆ ಹೋದ ಚಿತ್ರವನ್ನು ಯಾರು ಬೇಕಾದರೂ ನಕಲು ಮಾಡಿಟ್ಟುಕೊಳ್ಳಬಹುದು; ಕೃತಕ ಬುದ್ಧಿಯ ಯಂತ್ರಗಳಿಂದ ಒಬ್ಬರ ಮುಖವನ್ನು ಇನ್ನೊಂದು ದೇಹಕ್ಕೆ ಅಂಟಿಸುವುದೂ ಈಗ ಸುಲಭಸಾಧ್ಯ. ಇಪ್ಪತ್ತು ವರ್ಷಗಳ ತರುವಾಯ ಆ ಮಗು ಪ್ರಾಪ್ತವಯಸ್ಕನಾಗಿ ಆಕ್ಷೇಪಿಸಿದರೂ ಆ ಬಿಂಬವನ್ನು ಮರಳಿ ತರುವ ಶಕ್ತಿ ತಂದೆಗಿರುವುದಿಲ್ಲ.

2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಏಕಮತದಿಂದ ಸಾರಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು. ಫ್ರಾನ್ಸ್ ದೇಶವು 2024ರ ಫೆಬ್ರವರಿಯಲ್ಲಿ, ಮಕ್ಕಳ ಬಿಂಬದ ಹಕ್ಕನ್ನು ತಂದೆತಾಯಿಗಳಿಬ್ಬರೂ ಕೂಡಿ ಕಾಪಾಡಬೇಕೆಂದು ಕಾನೂನನ್ನೇ ಮಾಡಿತು. ಭಾರತದ 2023ರ ಅಂಕೀಯ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವಾದರೋ, ವ್ಯಕ್ತಿಯೊಬ್ಬನು ಸ್ವಂತಕ್ಕಾಗಿ ಅಥವಾ ಗೃಹಕೃತ್ಯಕ್ಕಾಗಿ ಬಳಸುವ ಮಾಹಿತಿಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಮನೆಯೊಳಗೆ ಸರಕಾರ ಇಣುಕದಿರುವುದು ಒಳ್ಳೆಯದೇ. ಆದರೆ ಕಾಯಿದೆಯು ಕಾವಲಿಲ್ಲದೆ ಬಿಟ್ಟ ಬಾಗಿಲಲ್ಲಿ ಮನಸ್ಸಾಕ್ಷಿಯೇ ಕಾವಲು ನಿಲ್ಲಬೇಕು.

ಉದ್ಯೋಗದ ಕಷ್ಟವನ್ನೂ ಮರೆಯತಕ್ಕದ್ದಲ್ಲ. ಮದುವೆಯ ಹಂಗಾಮು ವರ್ಷದಲ್ಲಿ ಕೆಲವೇ ತಿಂಗಳು. ಮಾದರಿ ಚಿತ್ರಗಳನ್ನು ತೋರಿಸದಿದ್ದರೆ ಗಿರಾಕಿಗಳು ಬರುವುದಿಲ್ಲ. ಸಂಸಾರದ ಚಿತ್ರಗಳನ್ನು ಕಂಡು ನಂಬಿಕೆ ಹುಟ್ಟಿ ಬರುವವರೂ ಉಂಟು. ಹೊಟ್ಟೆಯ ಈ ಮಾತನ್ನು ತುಚ್ಛೀಕರಿಸುವುದು ಕಾಯಕತತ್ತ್ವಕ್ಕೆ ಒಪ್ಪಿಗೆಯಾದುದಲ್ಲ. ಆದರೆ ಹತ್ತು ಮದುವೆಗಳಲ್ಲಿ ಮೂವರು ಸಂತೋಷದಿಂದ ಒಪ್ಪಿದರೂ ಮಾದರಿಗೆ ಅಷ್ಟು ಸಾಕು. ಒಪ್ಪದ ಏಳು ಮನೆಗಳ ಮುಖಗಳನ್ನು ಕಾಪಾಡಿದ ಕೀರ್ತಿಯು ಯಾವ ಜಾಹೀರಾತಿಗೂ ಕಡಿಮೆಯಲ್ಲ. ತನ್ನ ಮನೆಯಲ್ಲಿಯೂ ಮಗು ಮಾತು ಬಲ್ಲುದಾಗಿದ್ದರೆ ಕೇಳಬಹುದು. "ಬೇಡ" ಎಂದರೆ ಬಿಡಬಹುದು. ಮಾತು ಬಾರದ ಕೂಸಾಗಿದ್ದರೆ, ಅದು ದೊಡ್ಡದಾಗಿ ಎದುರು ನಿಂತು ಇದೇಕೆಂದು ಕೇಳಿದಾಗ ಉತ್ತರ ಕೊಡಬಲ್ಲೆನೇ ಎಂದು ತನ್ನನ್ನೇ ಕೇಳಿಕೊಳ್ಳಬಹುದು. ಹಾಸಿಗೆ ಹಿಡಿದ ಮುದುಕ ತಂದೆಯ ಚಿತ್ರಕ್ಕೂ ಇದೇ ನ್ಯಾಯ. ಸಾವಿರ ಜನರಿಗೆ ತೋರುವ ಬದಲು ಹತ್ತು ಜನ ಬಂಧುಗಳಿಗೆ ಕಳುಹಿಸಿದರೆ ಪ್ರೀತಿಯು ಕಡಿಮೆಯಾಗುವುದಿಲ್ಲ.

ದೇಹವೇ ತನ್ನದಲ್ಲ, ಎರವಾಗಿ ಬಂದುದು ಎಂಬ ಅರಿವಿನಲ್ಲಿ ಬಾಳಬೇಕಾದ ಮನುಷ್ಯನು ಪರರ ದೇಹದ ನೆರಳನ್ನು ತನ್ನದೆನ್ನುವುದು ಹೇಗೆ? "ನನ್ನ ಮಗಳು" ಎಂಬ ಮಾತಿನಲ್ಲಿ "ನನ್ನ" ಎಂಬುದು ಹೊಣೆಯನ್ನು ಸೂಚಿಸಿದಾಗ ಪ್ರೀತಿ. ಒಡೆತನವನ್ನು ಸೂಚಿಸಿದಾಗ ಲೋಭ. ಮಂಟಪದಲ್ಲಿ ಪರರ ಮಗಳ ಮುಖಕ್ಕೆ ತೋರಿದ ಮರ್ಯಾದೆಯನ್ನು ಮನೆಯಲ್ಲಿ ತನ್ನ ಮಗಳ ಮುಖಕ್ಕೂ ತೋರುವ ಛಾಯಾಚಿತ್ರಕಾರನ ಕಾಯಕವು ಶುದ್ಧವಾದುದು. ಅವನು ತೆಗೆದ ಚಿತ್ರಗಳಂತೆಯೇ, ತೆಗೆಯಬಹುದಾಗಿದ್ದೂ ತೆಗೆಯದೆ ಬಿಟ್ಟ ಚಿತ್ರಗಳೂ ಅವನ ಲೆಕ್ಕಕ್ಕೆ ಜಮೆಯಾಗುತ್ತವೆ.