ಮನಸ್ಸಿನ ಶಾಸ್ತ್ರ ಮತ್ತು ಮನೆಯ ಮಾತು

ವಿದ್ಯೆಯೊಡನೆ ಋಣವೂ ಬರುತ್ತದೆ ಎಂಬುದು ನಮ್ಮ ಹಿರಿಯರ ನಂಬಿಕೆ. ಆ ಋಣ ಯಾರಿಗೆ ಸಲ್ಲಬೇಕು, ಹೇಗೆ ಸಲ್ಲಬೇಕು ಎಂಬ ಪ್ರಶ್ನೆ ಮಾತ್ರ ಪ್ರತಿ ತಲೆಮಾರಿನಲ್ಲಿಯೂ ಹೊಸದಾಗಿ ಎದುರಾಗುತ್ತದೆ. ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಮಕ್ಕಳು ವಿಶ್ವವಿದ್ಯಾಲಯಗಳಲ್ಲಿ ಮನೋವಿಜ್ಞಾನವನ್ನೂ ಚಿಕಿತ್ಸೆಗೆ ಸಂಬಂಧಿಸಿದ ಇತರ ವಿಷಯಗಳನ್ನೂ ಓದಲು ಹೊರಡುವಾಗ ಅದು ಹೀಗೆ ಎದುರಾಗುತ್ತದೆ: ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಗ್ರಂಥದಲ್ಲಿ ಇಂಗ್ಲಿಷ್ ಕಲಿತ ವಿದ್ಯಾರ್ಥಿ ನಾಳೆ ನೊಂದವರೊಬ್ಬರ ಮುಂದೆ ಕುಳಿತಾಗ, ಅವರ ಮನೆಮಾತಿನಲ್ಲಿ ಅವರನ್ನು ಕೇಳಿಸಿಕೊಳ್ಳುವುದು ಸೌಜನ್ಯವೋ, ಕರ್ತವ್ಯವೋ?

ನಮ್ಮ ಸೀಮೆಗೆ ಭಾಷೆಯ ಪ್ರಶ್ನೆ ಹೊಸದಲ್ಲ. ಉದಗೀರ ಮತ್ತು ನಿಲಂಗಾ ತಾಲೂಕುಗಳು 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದವು. ರಾಜ್ಯ ಪುನರ್ವಿಂಗಡಣೆಯಲ್ಲಿ ಅವು ಮುಂಬಯಿ ರಾಜ್ಯಕ್ಕೆ ಸೇರಿ, ಮುಂದೆ 1982ರಲ್ಲಿ ರಚಿತವಾದ ಲಾತೂರು ಜಿಲ್ಲೆಗೆ ಬಂದವು. ಉಮರ್ಗಾ ಇಂದಿನ ಧಾರಾಶಿವ ಜಿಲ್ಲೆಯಲ್ಲಿದೆ. ಗಡಿ ದಾಟಿದರೆ ಬಸವಕಲ್ಯಾಣ. ನಿಜಾಮರ ಆಳ್ವಿಕೆಯಲ್ಲಿ ಕಚೇರಿಯ ಭಾಷೆ ಉರ್ದು. 1918ರಲ್ಲಿ ಸ್ಥಾಪನೆಯಾದ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯ ವೈದ್ಯಶಾಸ್ತ್ರವನ್ನೂ ಉರ್ದುವಿನಲ್ಲಿಯೇ ಕಲಿಸಿ, ದೇಶಭಾಷೆಯಲ್ಲಿ ಉನ್ನತ ವಿದ್ಯೆ ಸಾಧ್ಯವೆಂದು ತೋರಿಸಿತು. ಆದರೆ ಸಂಸ್ಥಾನದ ಬಹುಪಾಲು ರೈತರ ಮನೆಮಾತು ಅದಾಗಿರಲಿಲ್ಲ. ಇಂದು ಆ ಪೀಠದಲ್ಲಿ ಇಂಗ್ಲಿಷ್ ಕುಳಿತಿದೆ. ಗ್ರಂಥದ ಮಾತಿಗೂ ಒಲೆಯ ಮುಂದಿನ ಮಾತಿಗೂ ನಡುವಣ ದೂರ ಹಾಗೆಯೇ ಉಳಿದಿದೆ.

ಎಲ್ಲ ವಿದ್ಯೆಗಳಲ್ಲಿಯೂ ಈ ದೂರ ಒಂದೇ ಬಗೆಯ ಹಾನಿ ಮಾಡುವುದಿಲ್ಲ. ಮುರಿದ ಎಲುಬನ್ನು ಎಕ್ಸ್‌ರೇ ತೋರಿಸುತ್ತದೆ. ರಕ್ತದ ಸಕ್ಕರೆಯನ್ನು ಪ್ರಯೋಗಾಲಯ ಅಳೆಯುತ್ತದೆ. ಖಿನ್ನತೆಯನ್ನು ಹಾಗೆ ಖಚಿತಪಡಿಸುವ ರಕ್ತಪರೀಕ್ಷೆಯಿಲ್ಲ. ರೋಗಿ ಏನು ಹೇಳುತ್ತಾರೆ, ಹೇಗೆ ಹೇಳುತ್ತಾರೆ, ಎಲ್ಲಿ ತಡೆದು ನಿಲ್ಲುತ್ತಾರೆ, ಯಾವುದನ್ನು ಹೇಳದೆ ಬಿಡುತ್ತಾರೆ ಎಂಬುದೇ ಅಲ್ಲಿ ಮುಖ್ಯ ಸಾಕ್ಷ್ಯ. ಹಳೆಯ ವೈದ್ಯನಿಗೆ ನಾಡಿ ಹೇಗೋ, ಮನಸ್ಸಿನ ಚಿಕಿತ್ಸಕನಿಗೆ ಮಾತು ಹಾಗೆ. ನಾಡಿ ಹಿಡಿಯಲು ಬಾರದವನನ್ನು ವೈದ್ಯನೆನ್ನಲು ನಾವು ಹಿಂಜರಿಯುವುದಾದರೆ, ಮಾತು ಹಿಡಿಯದವನ ವಿಷಯದಲ್ಲಿಯೂ ಅದೇ ನ್ಯಾಯ ಸಲ್ಲಬೇಕು.

ನಮ್ಮ ಹಳ್ಳಿಗಳಲ್ಲಿ ಯಾರೂ ತಮಗೆ ಖಿನ್ನತೆಯಾಗಿದೆ ಎಂದು ಹೇಳುತ್ತ ಬರುವುದಿಲ್ಲ. ‘ಎದಿ ಝಲ್ ಅಂತದ’, ‘ಜೀವಕ್ಕ ಕಳವಳ ಆಗ್ತದ’, ‘ಹೊಟ್ಟ್ಯಾಗ ಸಂಕಟ’, ‘ಯಾವುದರಾಗೂ ಮನಸ್ಸಿಲ್ಲ’ ಎನ್ನುತ್ತಾರೆ. ಇವುಗಳಲ್ಲಿ ಒಂದು ಭಯವನ್ನು, ಇನ್ನೊಂದು ದುಃಖವನ್ನು, ಮತ್ತೊಂದು ನಿಜವಾಗಿಯೇ ಹೊಟ್ಟೆಯ ಬೇನೆಯನ್ನು ಸೂಚಿಸುತ್ತಿರಬಹುದು. ಆ ಸೂಕ್ಷ್ಮ ಭೇದ ಪಠ್ಯಪುಸ್ತಕದಲ್ಲಿಲ್ಲ. ಅಜ್ಜಿಯ ಮಗ್ಗುಲಲ್ಲಿ ಬೆಳೆದವರಿಗೆ ಅದು ತಾನಾಗಿಯೇ ತಿಳಿದಿರುತ್ತದೆ. ಭಾಷೆ ತಿಳಿಯದ ವೈದ್ಯರ ಮುಂದೆ ಈ ಮಾತುಗಳು ಜೊತೆಗೆ ಬಂದ ಮಗನ ಅಥವಾ ಮೊಮ್ಮಗನ ಬಾಯಿಂದ ಅನುವಾದಗೊಳ್ಳುತ್ತವೆ. ಸೊಸೆಯ ಸಂಕಟವನ್ನು ಗಂಡ ಅನುವಾದಿಸುತ್ತಾನೆ. ಅವಳ ಸಂಕಟಕ್ಕೆ ಮನೆಯೇ ಕಾರಣವಾಗಿದ್ದರೆ ಆ ಅನುವಾದದಲ್ಲಿ ಏನು ಉಳಿದೀತು? ಇಲ್ಲಿ ತಪ್ಪುವುದು ರೋಗನಿದಾನವೊಂದೇ ಅಲ್ಲ. ತನ್ನ ಗುಟ್ಟನ್ನು ತಾನೇ ಕಾಯ್ದುಕೊಳ್ಳುವ ಒಬ್ಬ ಮನುಷ್ಯಳ ಹಕ್ಕೂ ಕೈತಪ್ಪುತ್ತದೆ.

ಹಾಗೆಂದು ಶಾಸ್ತ್ರದ ಮಾತನ್ನು ಕೀಳುಗೈಯುವಂತಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶ ವಿಸರ್ಜನೆ ಮುಗಿಸಿ ಮಲಗಿದ್ದ ಜನರ ಮೇಲೆ ಕಲ್ಲುಮಣ್ಣಿನ ಭಾರದ ಗೋಡೆಗಳು ಕುಸಿದವು. ಕಿಲ್ಲಾರಿಯ ಆ ಭೂಕಂಪ ಔಸಾ ಮತ್ತು ಉಮರ್ಗಾ ತಾಲೂಕುಗಳ ಹಳ್ಳಿಗಳನ್ನು ನೆಲಸಮಗೊಳಿಸಿತು. ಸಾವಿರಾರು ಜನ ಸತ್ತರು. ಮನೆಗಳನ್ನು ಮರಳಿ ಕಟ್ಟಲಾಯಿತು. ಆದರೆ ಸೂರಿನ ಕೆಳಗೆ ಮಲಗಲು ಅಂಜುವುದು, ಸಣ್ಣ ಸದ್ದಿಗೂ ಬೆಚ್ಚಿ ಏಳುವುದು, ತಾನೊಬ್ಬನೇ ಯಾಕೆ ಉಳಿದೆ ಎಂದು ಕೊರಗುವುದು, ಇವು ಗೋಡೆ ಎದ್ದೊಡನೆ ಹೋಗುವಂಥವಲ್ಲ. ಇಂಥ ಆಘಾತದ ನಂತರದ ಬೇನೆಯನ್ನು ಅಮೆರಿಕದ ಮನೋವೈದ್ಯರ ಸಂಘ ಒಂದು ಪ್ರತ್ಯೇಕ ರೋಗವೆಂದು ತನ್ನ ಕೈಪಿಡಿಯಲ್ಲಿ ಸೇರಿಸಿದ್ದು 1980ರಲ್ಲಿ. ಹೆಸರು ಸಣ್ಣ ಸಂಗತಿಯಲ್ಲ. ಹೆಸರಿಲ್ಲದಾಗ ಅದು ದೆವ್ವವೆನಿಸಿಕೊಳ್ಳುತ್ತದೆ, ಇಲ್ಲವೇ ಪುಕ್ಕಲುತನವೆನಿಸಿಕೊಳ್ಳುತ್ತದೆ. ಹೆಸರು ಸಿಕ್ಕಾಗ ನೊಂದವನ ತಲೆಯಿಂದ ಅಪರಾಧದ ಹೊರೆ ಇಳಿಯುತ್ತದೆ. ಆದ್ದರಿಂದ ನಮ್ಮ ಮಕ್ಕಳು ಶಾಸ್ತ್ರವನ್ನು ಪೂರ್ಣವಾಗಿ, ಶ್ರದ್ಧೆಯಿಂದ ಕಲಿಯಲೇಬೇಕು. ಕಲಿತದ್ದನ್ನು ಮರಳಿ ಮನೆಯ ಮಾತಿಗೆ ತರುವುದು ಆ ಕಲಿಕೆಯ ಕೊನೆಯ ಪಾಠವೆಂದು ತಿಳಿಯಬೇಕೆಂಬುದಷ್ಟೇ ನಮ್ಮ ವಾದ.

ಈ ಮರಳಿ ತರುವ ಕೆಲಸ ಕನ್ನಡದಲ್ಲಿ ಎಂದೋ ಆರಂಭವಾಗಿದೆ. 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನ ವಿಭಾಗವನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಿಂದ ‘ಆಕಾಶವಾಣಿ’ ಎಂಬ ಬಾನುಲಿಯನ್ನು ಆರಂಭಿಸಿದರು. ಮನೋವಿಜ್ಞಾನ ಓದಿದ ತ್ರಿವೇಣಿಯವರು ‘ಶರಪಂಜರ’ದಲ್ಲಿ, ರೋಗ ವಾಸಿಯಾದ ಮೇಲೂ ಮನೆ ಮತ್ತು ಸಮಾಜ ಒಪ್ಪಿಕೊಳ್ಳದ ಹೆಣ್ಣಿನ ಪಾಡನ್ನು ನಾಡಿನ ಮುಂದಿಟ್ಟರು. ವೈದ್ಯ ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ಮನೋವೈದ್ಯಕೀಯದ ಕೃತಿಯೊಂದನ್ನು ಸಾಹಿತ್ಯವೆಂದು ಗೌರವಿಸಿದ ಭಾಷೆ ನಮ್ಮದು.

ಗಡಿಯವರಾದ ನಮಗೆ ಇನ್ನೂ ಹತ್ತಿರದ ನಿದರ್ಶನ ವಿ. ವಿ. ಕಾಮತರದು. ಮಕ್ಕಳ ಬುದ್ಧಿಶಕ್ತಿಯನ್ನು ಅಳೆಯುವ ಸ್ಟ್ಯಾನ್‌ಫರ್ಡ್–ಬಿನೆ ಪರೀಕ್ಷೆಯನ್ನು ಅವರು 1934ರಲ್ಲಿ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದರು. ಬಿನೆ–ಕಾಮತ್ ಪರೀಕ್ಷೆಯೆಂದು ಅದು ಪ್ರಸಿದ್ಧವಾಯಿತು. ಇದರ ಹಿಂದಿನ ವಿವೇಕ ಸರಳ: ತನ್ನದಲ್ಲದ ಮಾತಿನಲ್ಲಿ ಪ್ರಶ್ನೆ ಕೇಳಿದರೆ ಮಗುವಿನ ಭಾಷಾಜ್ಞಾನವನ್ನು ಅಳೆದಂತಾದೀತೇ ಹೊರತು ಬುದ್ಧಿಯನ್ನು ಅಳೆದಂತಾಗದು. ಮನೆಯಲ್ಲಿ ಕನ್ನಡವಾಡುವ ಆರು ವರ್ಷದ ಮಗು ಮರಾಠಿ ಶಾಲೆಯ ಮೊದಲ ದಿನಗಳಲ್ಲಿ ಮೌನವಾಗಿ ಕುಳಿತರೆ ಅದನ್ನು ಮಂದಬುದ್ಧಿಯೆನ್ನಬೇಕೇ? ಒಮ್ಮೆ ಅಂಟಿದ ಹಣೆಪಟ್ಟಿ ಆ ಮಗುವಿನ ಇಡೀ ಬದುಕನ್ನೇ ಬೇರೆ ದಾರಿಗೆ ಎಳೆದೀತು. ಭಾಷೆಯ ಅರಿವು ಇಲ್ಲಿ ಸೌಜನ್ಯದ ಮಾತಾಗಿ ಉಳಿಯದೆ ನ್ಯಾಯದ ಮಾತಾಗುತ್ತದೆ.

ಈ ವಾದಕ್ಕೆ ಎರಡು ಆಕ್ಷೇಪಗಳಿವೆ, ಎರಡೂ ಬಲವಾದವು. ಚಿಕಿತ್ಸಕರು ಎಷ್ಟು ಭಾಷೆ ಕಲಿಯಬೇಕು ಎಂಬುದು ಮೊದಲನೆಯದು. ಎಲ್ಲವನ್ನೂ ಕಲಿಯಿರೆಂದು ಯಾರೂ ಕೇಳಲಾರರು. ಕರ್ತವ್ಯ ಶಕ್ತಿಯನ್ನು ಅನುಸರಿಸಿ ಬರುತ್ತದೆ. ಕನ್ನಡ ಬಾರದ ವೈದ್ಯರು ನಂಬಿಕಸ್ಥ ದುಭಾಷಿಯನ್ನು ಒದಗಿಸಿದರೆ ಅವರ ಕರ್ತವ್ಯ ಸಲ್ಲುತ್ತದೆ. ಕನ್ನಡ ಬಲ್ಲವರು ಅದನ್ನು ಮರೆಮಾಚಿದರೆ ಸಲ್ಲುವುದಿಲ್ಲ. ಎರಡನೆಯ ಆಕ್ಷೇಪ ಇನ್ನೂ ಸೂಕ್ಷ್ಮ. ನಮ್ಮ ಊರುಗಳಲ್ಲಿ ಕನ್ನಡ ಬಲ್ಲವರೆಂದರೆ ಒಬ್ಬರಿಗೊಬ್ಬರು ಬೀಗರು, ನೆಂಟರು, ಒಂದೇ ಮಠದ ಭಕ್ತರು. ಮನೆಮಾತಿನವರ ಮುಂದೆ ಹೇಳಿದ್ದು ಮನೆಗೇ ಮುಟ್ಟೀತೆಂಬ ಅಂಜಿಕೆಯಿಂದ, ಲಾತೂರಿನ ಅಪರಿಚಿತರ ಮುಂದೆ ಅರೆಬರೆ ಮರಾಠಿಯಲ್ಲಿ ಹೇಳಿಕೊಳ್ಳುವುದೇ ಕ್ಷೇಮವೆಂದು ಒಬ್ಬಳಿಗೆ ಅನ್ನಿಸಬಹುದು. ಅದು ಅವಳ ಆಯ್ಕೆ. ನಾವು ತೆರೆದಿಡಬೇಕಾದದ್ದು ಬಾಗಿಲನ್ನು ಮಾತ್ರ. ಯಾವ ಬಾಗಿಲಿನಿಂದ ಬರಬೇಕೆಂದು ನಿರ್ಧರಿಸುವವಳು ಅವಳೇ. ಗುಟ್ಟು ಕಾಯದ ಮನೆಮಾತು ಪರಭಾಷೆಗಿಂತ ಹೆಚ್ಚು ಅಪಾಯಕಾರಿ.

2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಇದನ್ನು ಬಲ್ಲುದು. ಚಿಕಿತ್ಸೆಯ ಲಾಭ, ಅಪಾಯ, ಪರ್ಯಾಯಗಳನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಿ ಪಡೆದ ಒಪ್ಪಿಗೆಯನ್ನಷ್ಟೇ ಅದು ತಿಳಿದು ಕೊಟ್ಟ ಒಪ್ಪಿಗೆಯೆನ್ನುತ್ತದೆ. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿ, 14416 ಸಂಖ್ಯೆಗೆ ಕರೆ ಮಾಡಿದವರೊಡನೆ ಹಲವು ಭಾರತೀಯ ಭಾಷೆಗಳಲ್ಲಿ ಮಾತಾಡುತ್ತದೆ. ನಿಮ್ಹಾನ್ಸ್ ಸಂಸ್ಥೆ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗ ಗುರುತಿಸುವುದನ್ನು ಕಲಿಸಿತು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಕಾನೂನೂ ಯೋಜನೆಯೂ ದಾರಿ ಮಾಡಿವೆ. ಆ ದಾರಿಯಲ್ಲಿ ನಡೆಯುವವರು ಬೇಕು.

ಇಲ್ಲಿ ನಮ್ಮ ಸಂಘಕ್ಕೂ ಕೆಲಸವಿದೆ. ಈ ವಿಷಯ ಓದುವ ಮಕ್ಕಳಿಗೆ, ವೈದ್ಯಕೀಯ ಪ್ರವೇಶ ಸಿಗದವರು ಹಿಡಿಯುವ ಎರಡನೆಯ ದಾರಿ ಇದೆಂಬ ತಾತ್ಸಾರವನ್ನು ಮೊದಲು ನಾವು ಬಿಡೋಣ. ನೋವು, ಅಂಜಿಕೆ, ಕೊರಗುಗಳಿಗೆ ನಮ್ಮ ಹಿರಿಯರು ಬಳಸುವ ಮಾತುಗಳನ್ನು ಊರೂರಿನಿಂದ ಕೂಡಿಸಿ ಆ ವಿದ್ಯಾರ್ಥಿಗಳ ಕೈಗಿಡೋಣ. ಈ ಸೀಮೆಯಲ್ಲಿ ಮರಾಠಿಯವರು, ಉರ್ದು ಮಾತಿನವರು, ತಾಂಡಾಗಳ ಲಂಬಾಣಿಗರೂ ಇದ್ದಾರೆ. ಕನ್ನಡಕ್ಕಾಗಿ ನಾವು ಕೇಳುವ ನ್ಯಾಯ ಅವರ ಮಾತಿಗೂ ಸಲ್ಲಬೇಕು. ಇಲ್ಲವಾದರೆ ಅದು ಭಾಷಾಭಿಮಾನವಾದೀತು, ಧರ್ಮವಾಗದು.

ನೊಂದವರು ಮೊದಲು ನರಳುವುದು ತಾಯಿಯ ಮಾತಿನಲ್ಲಿ. ಆ ನರಳಿಕೆಯನ್ನು ತಿಳಿಯಬಲ್ಲವರು ಪದವಿ ಪಡೆದ ಮೇಲೂ ಅದಕ್ಕೆ ಕಿವಿಗೊಟ್ಟರೆ ವಿದ್ಯೆಯ ಋಣ ಸಂದಂತೆ.