ಅಗ್ಗದ ವಾದ್ಯ, ಉಳಿದ ಬೆಲೆ

ಪೇಟೆಯಲ್ಲಿ ಒಂದು ವಸ್ತುವನ್ನು ಕೊಳ್ಳುವಾಗ ನಾವು ಕೇಳುವ ಮೊದಲನೆಯ ಪ್ರಶ್ನೆ ‘ಎಷ್ಟು?’ ಎಂಬುದು. ಎರಡನೆಯದು ‘ಸ್ವಲ್ಪ ಕಡಿಮೆ ಮಾಡಿಕೊಳ್ಳುತ್ತೀರಾ?’ ಎಂಬುದು. ಇವೆರಡೂ ನ್ಯಾಯವಾದ ಪ್ರಶ್ನೆಗಳೇ. ಮನೆ ಬಾಡಿಗೆ, ಮಕ್ಕಳ ಫೀಸು, ಊರಿನಲ್ಲಿರುವ ಹಿರಿಯರಿಗೆ ಕಳಿಸುವ ಹಣ, ವರ್ಷಕ್ಕೊಮ್ಮೆ ಊರಿಗೆ ಹೋಗಿ ಬರುವ ರೈಲಿನ ಖರ್ಚು ಎಲ್ಲವನ್ನೂ ಒಂದು ಸಂಬಳದಲ್ಲಿ ಹೊಂದಿಸಬೇಕಾದ ನಮ್ಮಂಥವರು ಅವನ್ನು ಕೇಳದಿದ್ದರೆ ಇನ್ನಾರು ಕೇಳಬೇಕು? ಆದರೆ ಮೂರನೆಯ ಪ್ರಶ್ನೆಯೊಂದಿದೆ. ಅದನ್ನು ಅಂಗಡಿಯವನೂ ಕೇಳುವುದಿಲ್ಲ, ನಾವೂ ಕೇಳುವುದಿಲ್ಲ. ನಾವು ಕಡಿಮೆ ಕೊಟ್ಟು ಬಂದೆವಲ್ಲ, ಉಳಿದ ಬೆಲೆಯನ್ನು ಯಾರು ತೆರುತ್ತಾರೆ?

ಇದು ದೊಡ್ಡ ಪ್ರಶ್ನೆ. ದೊಡ್ಡ ಪ್ರಶ್ನೆಯನ್ನು ಸಣ್ಣ ಉದಾಹರಣೆಯ ಮೇಲೆ ಉಜ್ಜಿ ನೋಡುವುದು ವಾಸಿ. ಈಗ ಮಹಾನಗರಗಳ ಕನ್ನಡ ಮನೆಗಳಲ್ಲಿ ಮೃದಂಗ, ತಬಲಾಗಳ ಜೊತೆಗೆ ಡ್ರಮ್ ಕಲಿಯುವ ಹುಡುಗ ಹುಡುಗಿಯರೂ ಇದ್ದಾರೆ. ಮನೆಯಲ್ಲಿ ಅಭ್ಯಾಸ ಮಾಡಲು, ನುಡಿಸಿದ್ದನ್ನು ಧ್ವನಿಮುದ್ರಿಸಿ ಕೇಳಲು ಒಂದು ಎಲೆಕ್ಟ್ರಾನಿಕ್ ಡ್ರಮ್ ಪ್ಯಾಡ್ ಬೇಕೆನ್ನುತ್ತಾರೆ. ತಂದೆತಾಯಿಗಳು ‘ಅಗ್ಗವಾದದ್ದು ಯಾವುದು?’ ಎಂದು ವಿಚಾರಿಸುತ್ತಾರೆ. ಈ ‘ಅಗ್ಗ’ ಎಂಬ ಪದವನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಸರ್ಕಾರಿ ಕಚೇರಿಯಲ್ಲಿ ಕೊಟೇಶನ್ ಕರೆಯದೆ ಸಣ್ಣಪುಟ್ಟ ಸಾಮಾನು ಕೊಳ್ಳುವಾಗ ಅಧಿಕಾರಿ ಒಂದು ದೃಢೀಕರಣಕ್ಕೆ ಸಹಿ ಹಾಕಬೇಕು. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಅದರ ಒಕ್ಕಣೆಯನ್ನೇ ಕೊಟ್ಟಿವೆ. ಸಾರಾಂಶ ಇಷ್ಟು: ಸಾಮಾನು ಬೇಕಾದ ಗುಣಮಟ್ಟದ್ದು, ಮಾರಿದವನು ನಂಬತಕ್ಕವನು, ಬೆಲೆ ಸಮಂಜಸವಾದದ್ದು. ಈ ದೃಢೀಕರಣದಲ್ಲಿ ‘ಅತಿ ಕಡಿಮೆ’ ಎಂಬ ಮಾತಿಲ್ಲ, ‘ಸಮಂಜಸ’ ಎಂಬ ಮಾತಿದೆ. ಈ ಒಂದು ಪದವನ್ನು ಕಚೇರಿಯಿಂದ ಮನೆಗೆ ತಂದುಕೊಂಡರೆ ನಮ್ಮ ವಿಚಾರಕ್ಕೆ ದಾರಿ ಸಿಗುತ್ತದೆ.

ಮೊದಲು ನೆರೆಯವರನ್ನು ತೆಗೆದುಕೊಳ್ಳಿ. ನಿಜವಾದ ಡ್ರಮ್ ಸೆಟ್ಟಿನ ಸದ್ದು ಕೋಣೆಯೊಳಗೆ ನೂರು ಡೆಸಿಬೆಲ್ ದಾಟುವುದು ಸಾಮಾನ್ಯ. ಶಬ್ದಮಾಲಿನ್ಯವನ್ನು ಕುರಿತ 2000ದ ನಿಯಮಗಳು ವಸತಿ ಪ್ರದೇಶಕ್ಕೆ ಹಗಲಿನಲ್ಲಿ 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬೆಲ್ ಮಿತಿಯನ್ನು ಗೊತ್ತುಮಾಡಿವೆ. ನಮ್ಮ ಫ್ಲ್ಯಾಟುಗಳಲ್ಲಿ ಒಂದೇ ಗೋಡೆಗೆ ಎರಡು ಸಂಸಾರ. ಈಚೆಗೆ ಸಾಧನೆ, ಆಚೆಗೆ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದವರ ನಿದ್ದೆ. ಅವರು ಬಂದು ದೂರುವುದಿಲ್ಲ. ‘ಮಗು ಕಲೀತಿದೆ, ಇರಲಿ ಬಿಡಿ’ ಎನ್ನುತ್ತಾರೆ. ಈ ದಾಕ್ಷಿಣ್ಯ ನಮ್ಮ ನೆರೆಹೊರೆಯ ದೊಡ್ಡ ಗುಣ. ಆದರೆ ಇನ್ನೊಬ್ಬರ ದಾಕ್ಷಿಣ್ಯವನ್ನು ಬಂಡವಾಳ ಮಾಡಿಕೊಂಡು ನಮ್ಮ ಮಕ್ಕಳಿಗೆ ವಿದ್ಯೆ ಕೊಡಿಸುವುದು ಸರಿಯೆ? ಪರಸ್ಥಳಕ್ಕೆ ಬಂದು ನೆಲೆಸಿದವರಿಗೆ ಈ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾದದ್ದು. ನೆರೆಯವರ ನಿದ್ದೆಯನ್ನೂ ಲೆಕ್ಕಕ್ಕೆ ಹಿಡಿದರೆ ಯಾರೋ ಪುಕ್ಕಟೆಯಾಗಿ ಕೊಟ್ಟ ಹಳೆಯ ಡ್ರಮ್ ಸೆಟ್ಟೂ ದುಬಾರಿಯೇ.

ಎಲೆಕ್ಟ್ರಾನಿಕ್ ಪ್ಯಾಡಿನ ನಿಜವಾದ ಉಪಕಾರ ಇಲ್ಲಿದೆ. ನೆರೆಯವರ ಕಿವಿಯ ಮೇಲಿದ್ದ ಖರ್ಚನ್ನು ಅದು ನಮ್ಮ ಜೇಬಿಗೆ ವರ್ಗಾಯಿಸುತ್ತದೆ. ಅದರ ತತ್ತ್ವ ಸರಳ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುತ್ತದೆಂದು ಕ್ಯೂರಿ ಸಹೋದರರು 1880ರಲ್ಲಿ ತೋರಿಸಿದ್ದರು. ಪ್ಯಾಡಿನ ರಬ್ಬರಿನ ಕೆಳಗೆ ಅದೇ ಬಗೆಯ ಒಂದು ಸಣ್ಣ ಬಿಲ್ಲೆ ಇರುತ್ತದೆ. ಕೋಲಿನ ಪೆಟ್ಟು ಬಿದ್ದಾಗ ಬಿಲ್ಲೆಯಿಂದ ಹೊರಟ ಸಂಕೇತ, ಮೊದಲೇ ಮುದ್ರಿಸಿಟ್ಟ ನಾದವನ್ನು ಎಬ್ಬಿಸುತ್ತದೆ. 1983ರಲ್ಲಿ ಮಿಡಿ ಎಂಬ ಸಂಕೇತಪದ್ಧತಿ ಬಂದ ಮೇಲೆ ಒಂದು ಯಂತ್ರದ ಪೆಟ್ಟು ಇನ್ನೊಂದು ಯಂತ್ರಕ್ಕೆ ತಿಳಿಯುವಂತಾಯಿತು. ಆರ್ಕೆಸ್ಟ್ರಾಗಳಿಂದ ನಮಗೆ ಪರಿಚಿತವಾದ ಆಕ್ಟಪ್ಯಾಡ್ 1985ರಲ್ಲಿ ಮೊದಲು ಬಂದಾಗ ಅದರೊಳಗೆ ಸ್ವಂತ ನಾದವೇ ಇರಲಿಲ್ಲ. ಎಂಟು ಪ್ಯಾಡುಗಳು ಬೇರೆ ಯಂತ್ರಗಳಿಗೆ ಅಪ್ಪಣೆ ಕೊಡುತ್ತಿದ್ದವು, ಅಷ್ಟೇ.

ಹಾಗಾದರೆ ಕೆಲವೇ ಸಾವಿರಕ್ಕೆ ಸಿಗುವ, ಚಾಪೆಯಂತೆ ಸುತ್ತಿಡಬಹುದಾದ ಪ್ಯಾಡನ್ನು ತಂದರೆ ಎಲ್ಲ ಮುಗಿಯಿತೆ? ಅಗ್ಗದ ಆಸೆಗೆ ಮುಗ್ಗಲು ಜೋಳ ಕೊಂಡವರ ಕಥೆ ನಮ್ಮ ಹಿರಿಯರಿಗೆ ಗೊತ್ತಿತ್ತು. ತೀರ ಅಗ್ಗದ ಅನೇಕ ಪ್ಯಾಡುಗಳಲ್ಲಿ ಮೆಲ್ಲನೆ ತಟ್ಟಿದರೂ ಜೋರಾಗಿ ಬಾರಿಸಿದರೂ ಒಂದೇ ಪ್ರಮಾಣದ ಸದ್ದು. ಮಿಡಿ ಪದ್ಧತಿಯಲ್ಲಿ ಪೆಟ್ಟಿನ ಬಲಕ್ಕೆ 1ರಿಂದ 127ರವರೆಗೆ ಅಂಕಗಳಿವೆ. ಇಂಥ ಪ್ಯಾಡು ಎಲ್ಲ ಪೆಟ್ಟಿಗೂ ಒಂದೇ ಅಂಕ ಕೊಡುತ್ತದೆ. ಎಲ್ಲ ಉತ್ತರಪತ್ರಿಕೆಗೂ ಒಂದೇ ಅಂಕ ಕೊಡುವ ಮೇಷ್ಟರ ಕೈಕೆಳಗೆ ವಿದ್ಯಾರ್ಥಿ ಏನು ಕಲಿತಾನು? ಮೃದುವಾಗಿ ನುಡಿಸುವುದೇ ವಾದನದ ಕಷ್ಟದ ಭಾಗ. ಅದು ಬೇಕಿಲ್ಲವೆಂದು ಕೈ ಒಮ್ಮೆ ಕಲಿತುಬಿಟ್ಟರೆ ಮರೆಸುವುದಕ್ಕೆ ವರ್ಷಗಳು ಹಿಡಿಯುತ್ತವೆ. ಇಲ್ಲಿ ಉಳಿದ ಬೆಲೆಯನ್ನು ತೆರುವುದು ಮಗುವಿನ ಕೈ.

ಇನ್ನೊಂದು ದೋಷ ವಿಳಂಬ. ಪೆಟ್ಟು ಬಿದ್ದ ಕ್ಷಣಕ್ಕೂ ನಾದ ಕಿವಿಗೆ ಬೀಳುವ ಕ್ಷಣಕ್ಕೂ ನಡುವೆ ಯಂತ್ರ ತೆಗೆದುಕೊಳ್ಳುವ ಕಾಲ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರು ಸಾಗುತ್ತದೆ. ಆ ಲೆಕ್ಕದಲ್ಲಿ 10 ಮಿಲಿಸೆಕೆಂಡಿನ ವಿಳಂಬವೆಂದರೆ ವಾದ್ಯವನ್ನು ಮೂರೂವರೆ ಮೀಟರು ದೂರದಲ್ಲಿಟ್ಟು ಕೇಳಿದ ಹಾಗೆ. ಅಷ್ಟನ್ನು ಸಹಿಸಬಹುದು. ಆದರೆ ತಂತಿಯಿಲ್ಲದ ಬ್ಲೂಟೂತ್ ಹೆಡ್‌ಫೋನಿನಲ್ಲಿ ವಿಳಂಬ ಎಷ್ಟೋ ವೇಳೆ 100 ಮಿಲಿಸೆಕೆಂಡನ್ನೂ ಮೀರುತ್ತದೆ. ನಿಮಿಷಕ್ಕೆ 120 ಬಡಿತದ ಗತಿಯಲ್ಲಿ ಒಂದು ಬಡಿತಕ್ಕೆ ನಾಲ್ಕು ಪೆಟ್ಟಿನಂತೆ ನುಡಿಸಿದರೆ ಪೆಟ್ಟಿಗೂ ಪೆಟ್ಟಿಗೂ ನಡುವಿನ ಅಂತರವೇ 125 ಮಿಲಿಸೆಕೆಂಡು. ಅಂದರೆ ಮಗು ಕೇಳುವುದು ಹೆಚ್ಚುಕಡಿಮೆ ತನ್ನ ಹಿಂದಿನ ಪೆಟ್ಟನ್ನು. ಲಯ ಕಲಿಯಲು ಕೊಂಡ ಯಂತ್ರವೇ ಲಯ ಕೆಡಿಸುತ್ತದೆ. ಆದ್ದರಿಂದ ತಂತಿಯ ಹೆಡ್‌ಫೋನೇ ಸರಿ. ಅದೃಷ್ಟವಶಾತ್ ಅದರ ಬೆಲೆಯೂ ಕಡಿಮೆ.

ಹೆಡ್‌ಫೋನ್ ಬಂದಾಗ ನೆರೆಯವರು ಪಾರಾದರು; ಮಗುವಿನ ಕಿವಿ ಸಿಕ್ಕಿಬಿತ್ತು. ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವೂ 2019ರಲ್ಲಿ ಪ್ರಕಟಿಸಿದ ಮಾನದಂಡದಂತೆ ದೊಡ್ಡವರಿಗೆ ವಾರಕ್ಕೆ 40 ಗಂಟೆ 80 ಡೆಸಿಬೆಲ್, ಮಕ್ಕಳಿಗೆ ಅಷ್ಟೇ ಅವಧಿಗೆ 75 ಡೆಸಿಬೆಲ್ ಮಿತಿ. ಮೂರು ಡೆಸಿಬೆಲ್ ಏರಿದಂತೆಲ್ಲ ಅವಧಿಯನ್ನು ಅರ್ಧಕ್ಕೆ ಇಳಿಸಬೇಕು. ಹೀಗಾಗಿ 84 ಡೆಸಿಬೆಲ್ಲಿನಲ್ಲಿ ಕೇಳುವ ಮಗುವಿನ ಪಾಲಿಗೆ ವಾರಕ್ಕೆ ಐದೇ ಗಂಟೆ. ಪ್ಯಾಡಿನ ಧ್ವನಿಯ ಗುಂಡಿಯನ್ನು ಮನೆಯ ಹಿರಿಯರು ಒಮ್ಮೆ ಗೊತ್ತುಮಾಡಿ ಬಣ್ಣದ ಗುರುತು ಹಾಕಿಟ್ಟರೆ ಈ ಬೆಲೆ ತಪ್ಪುತ್ತದೆ. ಇದಕ್ಕೆ ಹಣ ಬೇಡ, ಗಮನ ಬೇಕು.

ಕೆಳಗಿನ ಮನೆಯವರನ್ನೂ ಮರೆಯುವಂತಿಲ್ಲ. ಹೆಡ್‌ಫೋನ್ ನಾದವನ್ನು ಮಾತ್ರ ಮುಚ್ಚುತ್ತದೆ. ರಬ್ಬರಿನ ಮೇಲೆ ಕೋಲು ಬೀಳುವ ಟಪಟಪ ಸದ್ದು, ಕಾಲಿನ ಪೆಡಲಿನ ಗುದ್ದು ನೆಲದ ಮೂಲಕ ಇಳಿಯುತ್ತಲೇ ಇರುತ್ತವೆ. ಜಾಲರಿ ಬಟ್ಟೆಯ ಮುಖವುಳ್ಳ ಪ್ಯಾಡುಗಳ ಸದ್ದು ರಬ್ಬರಿನದಕ್ಕಿಂತ ಕಡಿಮೆ, ಆದರೆ ಬೆಲೆ ಹೆಚ್ಚು. ಬಡವರ ಉಪಾಯವೊಂದಿದೆ: ಎರಡು ಪ್ಲೈವುಡ್ ಹಲಗೆಗಳ ನಡುವೆ ಅರ್ಧ ಕತ್ತರಿಸಿದ ಹಳೆಯ ಟೆನಿಸ್ ಚೆಂಡುಗಳನ್ನು ಸಾಲಾಗಿ ಜೋಡಿಸಿ, ಆ ಹಲಗೆಯ ಮೇಲೆ ವಾದ್ಯವಿಡುವುದು. ಮೇಜಿನ ಮೇಲಿನ ಸಣ್ಣ ಪ್ಯಾಡಿಗಾದರೆ ನಾಲ್ಕು ಮಡಿಕೆಯ ಜಮಖಾನವೂ ಸಾಕಷ್ಟು ಉಪಯೋಗಕ್ಕೆ ಬರುತ್ತದೆ. ಇಷ್ಟು ಮಾಡಿದ ಮೇಲೂ ಒಮ್ಮೆ ಕೆಳಗಿಳಿದು ಹೋಗಿ ‘ನಿಮಗೆ ಕೇಳಿಸುತ್ತದೆಯೆ?’ ಎಂದು ವಿಚಾರಿಸುವುದು ಎಲ್ಲ ಉಪಕರಣಗಳಿಗಿಂತ ಮೇಲು.

ಧ್ವನಿಮುದ್ರಣದಲ್ಲಿ ಪ್ರಶ್ನೆ ಇನ್ನೂ ಸೂಕ್ಷ್ಮವಾಗುತ್ತದೆ. ಪ್ಯಾಡನ್ನು ಕಂಪ್ಯೂಟರಿಗೆ ಜೋಡಿಸಿ ಮುದ್ರಿಸಲು ತಂತ್ರಾಂಶ ಬೇಕು. ಬೆಲೆಯುಳ್ಳ ತಂತ್ರಾಂಶದ ಕಳ್ಳಪ್ರತಿ ಪುಕ್ಕಟೆಯಾಗಿ ಸಿಗುತ್ತದೆಂದು ಯಾರಾದರೂ ಹೇಳುತ್ತಾರೆ. ಅದರ ಬೆಲೆಯನ್ನು ತೆರುವವನು ಅದನ್ನು ಬರೆದವನು. ತಿಳಿದೂ ಬಳಸುವುದು 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಅಪರಾಧ. ಆಡಾಸಿಟಿ, ಹೈಡ್ರೋಜನ್‌ಗಳಂಥ ತಂತ್ರಾಂಶಗಳನ್ನು ಬರೆದವರೇ ಎಲ್ಲರಿಗೂ ಧರ್ಮಾರ್ಥ ಬಿಟ್ಟಿರುವಾಗ ಮನೆಯ ಅಭ್ಯಾಸಕ್ಕೆ ಕಳ್ಳಮಾಲಿನ ಹಂಗೇಕೆ? ಇನ್ನೊಂದು ಸೌಕರ್ಯವೂ ಇದೆ. ತಪ್ಪಿದ ಪೆಟ್ಟುಗಳನ್ನು ಕಂಪ್ಯೂಟರು ತಾನೇ ಎಳೆದು ತಾಳದ ಗೆರೆಗೆ ಕೂಡಿಸುತ್ತದೆ. ಸಿನಿಮಾ ಸಂಗೀತದವರು ಅದನ್ನು ಬಳಸಲಿ, ಅದು ಅವರ ವೃತ್ತಿ. ಕಲಿಯುವವರು ಬಳಸಿದರೆ ಕನ್ನಡಿಗೆ ಬಣ್ಣ ಬಳಿದು ಮುಖ ಚೆನ್ನಾಗಿದೆ ಎಂದಂತಾಗುತ್ತದೆ. ಧ್ವನಿಮುದ್ರಣದ ಉಪಯೋಗವೇ ತಪ್ಪು ಎಲ್ಲಿ ಎಂದು ಕೇಳಿಸಿಕೊಳ್ಳುವುದು.

ಇಷ್ಟೆಲ್ಲ ಎಚ್ಚರ ವಹಿಸಿ ಸದ್ದಡಗಿಸಿದ ಮೇಲೆ ಮನೆಯಲ್ಲಿ ಒಂದು ವಿಚಿತ್ರ ಮೌನ ಹುಟ್ಟುತ್ತದೆ. ಮಗು ಕೋಣೆಯಲ್ಲಿ ಕೈಯಾಡಿಸುತ್ತಿದೆ. ಯಾರಿಗೂ ಏನೂ ಕೇಳಿಸದು. ಹಿಂದೆ ಅಡುಗೆಮನೆಯಲ್ಲಿದ್ದ ಅಜ್ಜಿ ಒಗ್ಗರಣೆ ಹಾಕುತ್ತಲೇ ‘ತಾಳ ಓಡ್ತಾ ಇದೆ ಕಣೋ’ ಎಂದು ಕೂಗಿ ಹೇಳುತ್ತಿದ್ದರು. ವಿದ್ಯೆ ಹೀಗೆ ಮನೆಯವರೆಲ್ಲರ ಕಿವಿಗೆ ಬಿದ್ದು ಬೆಳೆಯುತ್ತಿತ್ತು. ಹೆಡ್‌ಫೋನಿನೊಳಗಿನ ಸಾಧಕನಿಗೆ ಆ ತಿದ್ದುವಿಕೆಯೂ ಇಲ್ಲ, ಆ ‘ಭೇಷ್’ ಕೂಡ ಇಲ್ಲ. ನಾವು ಕೊಳ್ಳುವ ಮೌನದ ಬೆಲೆ ಮಗುವಿನ ಒಂಟಿತನವಾಗಬಾರದು. ವಾರಕ್ಕೊಂದು ಸಲ, ಭಾನುವಾರ ಸಂಜೆ ಅರ್ಧ ಗಂಟೆ, ಅಕ್ಕಪಕ್ಕದವರಿಗೆ ತಿಳಿಸಿ ಸ್ಪೀಕರು ಹಾಕಿ ನುಡಿಸಲಿ. ಮನೆಯವರು ಕುಳಿತು ಕೇಳಲಿ. ಕೇಳಿ ಪಡೆದ ಅರ್ಧ ಗಂಟೆಗೂ ಕೇಳದೆ ಕಸಿದುಕೊಂಡ ಅರ್ಧ ಗಂಟೆಗೂ ವ್ಯತ್ಯಾಸ ದೊಡ್ಡದು.

ಇನ್ನು ಚರ್ಮವಾದ್ಯ ಮಾಡುವವರ ಮಾತು. ಪ್ಯಾಡಿನಲ್ಲಿ ಒಂದು ಗುಂಡಿ ಒತ್ತಿದರೆ ಮೃದಂಗದ ನಾದವೂ ಬರುತ್ತದೆ, ಇನ್ನು ಮೃದಂಗವೇಕೆ ಎನ್ನುವವರಿದ್ದಾರೆ. ಕಲಕತ್ತೆಯ ಹಣಕಾಸು ಇಲಾಖೆಯಲ್ಲಿ 1917ರವರೆಗೆ ನೌಕರಿಯಲ್ಲಿದ್ದ ಸಿ. ವಿ. ರಾಮನ್ ಅವರು 1920ರಲ್ಲಿ ಎಸ್. ಕುಮಾರ್ ಎಂಬವರೊಂದಿಗೆ ನಮ್ಮ ಚರ್ಮವಾದ್ಯಗಳ ನಾದವನ್ನು ಕುರಿತು ಬರೆದರು. 1934ರಲ್ಲಿ ಬೆಂಗಳೂರಿನಲ್ಲಿದ್ದಾಗ ಅದನ್ನೇ ವಿಸ್ತರಿಸಿದರು. ಚರ್ಮದ ನಡುವೆ ಹಚ್ಚಿದ ಕರಣೆಯಿಂದಾಗಿ ಮೃದಂಗ, ತಬಲಾಗಳ ಉಪಸ್ವರಗಳು ತಂತಿವಾದ್ಯದಂತೆ ಮೂಲಸ್ವರಕ್ಕೆ ಹೊಂದಿಕೊಳ್ಳುತ್ತವೆ ಎಂಬುದು ಅವರು ತೋರಿಸಿದ ಸಂಗತಿ. ಆ ಕರಣೆಯನ್ನು ಪದರ ಪದರವಾಗಿ ಹಚ್ಚಿ ಉಜ್ಜಿದ ಕೈಗಳು ಭೌತಶಾಸ್ತ್ರ ಓದಿದವಲ್ಲ. ಅಂಥ ಮಾಡುವವರ ಬಾಳನ್ನು ಟಿ. ಎಂ. ಕೃಷ್ಣ ಅವರು 2020ರಲ್ಲಿ ಒಂದು ಪುಸ್ತಕವಾಗಿಯೇ ಬರೆದಿದ್ದಾರೆ. ಎಡಗೈ ಒತ್ತಿ ಜಾರಿಸಿ ತೆಗೆಯುವ ಗುಂಕಿಯನ್ನು ಸಾಧಾರಣ ರಬ್ಬರ್ ಪ್ಯಾಡು ಕಲಿಸದು. ಮೃದಂಗ ಕಲಿಯುವ ಮಗುವಿಗೆ ಮೃದಂಗವನ್ನೇ ಕೊಳ್ಳಬೇಕು, ಅದನ್ನು ಮಾಡುವವರ ಕೈಗೆ ಆ ಹಣ ಸೇರಬೇಕು. ಡ್ರಮ್ ಕಲಿಯುವವರಿಗೆ ಪ್ಯಾಡು ಸರಿ.

‘ಇಷ್ಟು ಧರ್ಮಸೂಕ್ಷ್ಮ ನೋಡುತ್ತ ಕುಳಿತರೆ ಗುಮಾಸ್ತನ ಸಂಬಳದಲ್ಲಿ ಏನನ್ನೂ ಕೊಳ್ಳಲಾಗದು’ ಎಂದು ವಾಚಕರು ಆಕ್ಷೇಪಿಸಬಹುದು. ನಮಗೆ ಹಾಗೆ ತೋರುವುದಿಲ್ಲ. ಪ್ರಾಮಾಣಿಕವಾದದ್ದು ದುಬಾರಿಯಾಗಿಯೇ ಇರಬೇಕೆಂಬ ನಿಯಮವಿಲ್ಲ. ಮೊದಲ ಆರು ತಿಂಗಳಿಗೆ ಒಂದು ಸಾದಾ ರಬ್ಬರ್ ಅಭ್ಯಾಸದ ಹಲಗೆ, ಒಂದು ಜೊತೆ ಕೋಲು, ಫೋನಿನಲ್ಲಿರುವ ಮೆಟ್ರೊನೋಮು ಸಾಕು. ಅದಕ್ಕೆ ವಿದ್ಯುತ್ತು ಬೇಡ, ಕೈಗೆ ಅದು ಸುಳ್ಳು ಹೇಳುವುದೂ ಇಲ್ಲ. ಆಸಕ್ತಿ ನಿಂತರೆ, ಪೆಟ್ಟಿನ ಬಲವನ್ನು ಗುರುತಿಸುವ, ಹೆಡ್‌ಫೋನಿಗೂ ಕಂಪ್ಯೂಟರಿಗೂ ಜೋಡಣೆಯುಳ್ಳ, ಪೆಡಲ್ ಸೇರಿಸಬಹುದಾದ ಪ್ಯಾಡನ್ನು ನೋಡಬೇಕು. ನಾದಗಳ ಸಂಖ್ಯೆ ಐನೂರಿದ್ದರೇನು, ಅಭ್ಯಾಸಕ್ಕೆ ಬೇಕಾದದ್ದು ಐದಾರು. ಬಳಸಿದ ಮಾಲಾದರೂ ಚಿಂತೆಯಿಲ್ಲ. ಪ್ರತಿಯೊಂದು ಪ್ಯಾಡನ್ನೂ ಮೆಲ್ಲಗೆ, ಜೋರಾಗಿ ತಟ್ಟಿ ನೋಡಿ, ಅಡಾಪ್ಟರು ಅದರದ್ದೇ ಹೌದೋ ಎಂದು ವಿಚಾರಿಸಿ ತರಬೇಕು. ಕೆಟ್ಟ ಬಿಲ್ಲೆಯನ್ನು ಬೆಸುಗೆ ಬಲ್ಲ ರೇಡಿಯೋ ರಿಪೇರಿಯವರೂ ಎಷ್ಟೋ ವೇಳೆ ಬದಲಿಸಿ ಕೊಡಬಲ್ಲರು.

ಸಂಘಗಳಿಗೂ ಇಲ್ಲಿ ಕೆಲಸವಿದೆ. ಹತ್ತು ಮನೆಯವರು ಹತ್ತು ಕಳಪೆ ಪ್ಯಾಡು ಕೊಳ್ಳುವ ಬದಲು ಸಂಘವೇ ಒಂದು ಒಳ್ಳೆಯ ಪ್ಯಾಡನ್ನು ಕೊಂಡು, ಗ್ರಂಥಾಲಯದ ಪುಸ್ತಕದಂತೆ ಠೇವಣಿ ಪಡೆದು ತಿಂಗಳಿಗೊಂದು ಮನೆಗೆ ಕೊಡಬಹುದು. ಆಸಕ್ತಿ ಇಳಿದ ಮಗು ಅದನ್ನು ಹಿಂತಿರುಗಿಸಲಿ, ಏರಿದ ಮಗು ತನ್ನದನ್ನು ಕೊಳ್ಳಲಿ. ರಾಜ್ಯೋತ್ಸವದ ಹಾಡುಗಳ ತಾಲೀಮಿಗೂ ಅದು ಒದಗುತ್ತದೆ.

ಬೆಲೆ ಸಮಂಜಸವಾಗುವುದು ಯಾವಾಗ ಎಂಬುದಕ್ಕೆ ನಮಗೆ ತೋರಿದ ಉತ್ತರ ಇಷ್ಟೇ: ನಮ್ಮ ಪಾಲಿನದನ್ನು ಬೇರೆಯವರ ಲೆಕ್ಕಕ್ಕೆ ಅವರಿಗೆ ತಿಳಿಯದಂತೆ ಬರೆಯದೆ ಇದ್ದಾಗ. ನೆರೆಯವರ ನಿದ್ದೆ, ಮಗುವಿನ ಕಿವಿ, ಮಾಡಿದವರ ಕೂಲಿ, ಇವನ್ನು ಕಳೆದು ಉಳಿಸಿದ ಹಣ ಉಳಿತಾಯವಲ್ಲ, ಸಾಲ. ಅಂಗಡಿಗೆ ಹೋಗುವಾಗ ಚೀಟಿಯಲ್ಲಿ ಈ ಮೂರನೆಯ ಪ್ರಶ್ನೆಯನ್ನೂ ಬರೆದುಕೊಂಡು ಹೋಗೋಣ.